ಬಾಗಿಲಾಚೆ ನಿಂತವರು

ಟಿ. ನಗರದಲ್ಲಿ ಸೀರೆ ಅಂಗಡಿಗಳ ಗೋದಾಮುಗಳ ಹಿಂದೆ ಒಂದು ಅಡ್ಡರಸ್ತೆಯಿದೆ. ಅಲ್ಲಿ ಹಳೆಯ ಮನೆಯೊಂದರ ಕೆಳ ಅಂತಸ್ತಿನಲ್ಲಿ ಜಯಲಕ್ಷ್ಮಿಯವರ ಹಲ್ಲಿನ ಕ್ಲಿನಿಕ್ಕು. ಜಯಲಕ್ಷ್ಮಿಯವರು ಹಲ್ಲಿನ ಡಾಕ್ಟರಲ್ಲ, ಬಿ.ಕಾಂ. ಓದಿದವರು. ಬೋರ್ಡಿನ ಮೇಲೆ ತೀರಿಕೊಂಡ ಗಂಡನ ಹೆಸರಿದೆ, ಹಲ್ಲು ಕೀಳುವವನು ಮಗ ಸಮೀರ. ಆದರೂ ಕ್ಲಿನಿಕ್ಕು ಯಾರದು ಎಂದು ಬಾಗಿಲ ಬಳಿ ಕೂತ ಹೂವಿನವಳನ್ನು ಕೇಳಿದರೆ 'ಮಾಮಿದು' ಎನ್ನುತ್ತಾಳೆ. ಬೇರೆ ಏನಾದರೂ ಹೇಳಿದರೆ ಮರುದಿನ ಬುಟ್ಟಿಯನ್ನು ಬೇರೆ ಬೀದಿಯಲ್ಲಿ ಇಟ್ಟುಕೊಳ್ಳಬೇಕಾಗುತ್ತದೆ ಎಂದು ಅವಳಿಗೆ ಗೊತ್ತು.

ತಲೆಮಾರುಗಳಿಂದ ಮದರಾಸಿನಲ್ಲಿ ನೆಲೆಸಿದ ಮಾಧ್ವ ಮನೆತನ. ಮನೆಯೊಳಗೆ ಕನ್ನಡ, ಹೊಸಿಲು ದಾಟಿದರೆ ತಮಿಳು, ಯಾರಾದರೂ ಗತ್ತು ತೋರಿಸಿದರೆ ಇಂಗ್ಲಿಷು. ಈ ಮನೆಗೆ ಮೈಸೂರಿನಿಂದ ಸೊಸೆಯಾಗಿ ಬಂದವಳು ಪಾವನಾ. ಅವಳೂ ಹಲ್ಲಿನ ಡಾಕ್ಟರು. ಹೆಣ್ಣು ನೋಡಲು ಬಂದ ದಿನ ಜಯಲಕ್ಷ್ಮಿಯವರು ಹಾಡು ಬರುತ್ತದೆಯೇ, ಅಡುಗೆ ಬರುತ್ತದೆಯೇ ಎಂದು ಕೇಳಲಿಲ್ಲ. ದವಡೆ ಹಲ್ಲಿನ ರೂಟ್ ಕೆನಾಲನ್ನು ಎಷ್ಟು ಹೊತ್ತಿನಲ್ಲಿ ಮುಗಿಸುತ್ತೀ ಎಂದು ಕೇಳಿದರು. ಪಾವನಾಗೆ ಅದು ಗೌರವದ ಮಾತಿನಂತೆ ಕೇಳಿಸಿತು. ಪಾಪ, ಅವಳಿಗೆ ಆಗ ಇಪ್ಪತ್ತಾರು.

ಎಕ್ಸ್‌ರೇ ಕೋಣೆ ಒಂದು ಕಾಲಕ್ಕೆ ಉಪ್ಪಿನಕಾಯಿ ಜಾಡಿಗಳನ್ನು ಇಡುತ್ತಿದ್ದ ಕೋಣೆ. ಮಾವನವರು ಬದುಕಿದ್ದಾಗ ಫಿಲಂ ತುಣುಕನ್ನು ತಮ್ಮ ತೋರುಬೆರಳಿನಿಂದಲೇ ರೋಗಿಯ ಬಾಯೊಳಗೆ ಒತ್ತಿ ಹಿಡಿದು, ಇನ್ನೊಂದು ಕೈಯಿಂದ ಬಟನ್ ಒತ್ತುತ್ತಿದ್ದರಂತೆ. ಮೂವತ್ತು ವರ್ಷ ಹಾಗೇ ನಡೆಯಿತು. ಕೊನೆಕೊನೆಗೆ ಆ ಬೆರಳಿನ ಉಗುರು ಕಪ್ಪಾಗಿ ಸೀಳಿತು, ಚರ್ಮ ಬಿರಿದು ವಾಸಿಯಾಗದಾಯಿತು. ಅದನ್ನು ಅವರು ಸೋಪಿನ ಅಲರ್ಜಿ ಎಂದರು. ಜಯಲಕ್ಷ್ಮಿಯವರು ಕೊಬ್ಬರಿ ಎಣ್ಣೆ ಹಚ್ಚಿದರು. ಕಿರಣದ ಲೆಕ್ಕ ಹಿಡಿಯಲು ಎದೆಗೆ ಸಿಕ್ಕಿಸಿಕೊಳ್ಳಬೇಕಾದ ಬ್ಯಾಡ್ಜು ಕಳೆದುಹೋದೀತೆಂದು ಅದನ್ನು ಮುಂದಿನ ಕೋಣೆಯ ಮೊಳೆಗೆ ನೇತುಹಾಕಿದ್ದರು. ಹಾಗಾಗಿ ಪ್ರತಿಸಲವೂ ಮೊಳೆ ಆರೋಗ್ಯವಾಗಿದೆ ಎಂದು ವರದಿ ಬರುತ್ತಿತ್ತು.

ಪಾವನಾ ಬಂದವಳೇ ಇದನ್ನೆಲ್ಲ ಬದಲಿಸಿದಳು. ಬಾಗಿಲಿಗೆ ಸೀಸದ ತಗಡು ಹೊಡೆಸಿ, ನೋಡಲು ಗಾಜಿನ ಸಣ್ಣ ಕಿಂಡಿ ಇಡಿಸಿದಳು. ಬಟನ್ನಿನ ವೈರು ಬಾಗಿಲಾಚೆಗೂ ಬರುವಂತೆ ಮಾಡಿಸಿದಳು. ಚಿತ್ರ ತೆಗೆಯುವಾಗ ರೋಗಿಯ ಹೊರತು ಒಳಗೆ ಯಾರೂ ಇರಕೂಡದು. ಬಾಯಲ್ಲಿಡುವ ಸೆನ್ಸರನ್ನು ರೋಗಿ ಕಚ್ಚಿ ಹಿಡಿಯುವುದಕ್ಕೆ ಪ್ಲಾಸ್ಟಿಕ್ಕಿನ ಹಿಡಿಕೆ ಬಂತು. ಹೆಣ್ಣು ರೋಗಿ ಬಂದರೆ ಬಸುರಿಯೇ ಎಂದು ಕೇಳಲೇಬೇಕು, ಅವಳು ಕಾಲೇಜು ಹುಡುಗಿಯಾದರೂ ಸರಿ. ಸಹಾಯಕಿ ಸೆಲ್ವಿ ಈ ಪ್ರಶ್ನೆ ಕೇಳಿ ಕೇಳಿ ಒಬ್ಬ ಪೊಲೀಸ್ ಅಧಿಕಾರಿಯ ಹೆಂಡತಿಯಿಂದ ಬೈಸಿಕೊಂಡಿದ್ದಳು. ಜಯಲಕ್ಷ್ಮಿಯವರು ಇದಕ್ಕೆಲ್ಲ ಅಡ್ಡ ಬರಲಿಲ್ಲ. ಹೊಸ ಬಾಗಿಲು ನೋಡಿ ರೋಗಿಗಳು ದೊಡ್ಡ ಆಸ್ಪತ್ರೆ ಎಂದುಕೊಳ್ಳುತ್ತಿದ್ದುದು ಅವರಿಗೆ ಹಿಡಿಸಿತ್ತು.

ಮದುವೆಯಾದ ಎರಡನೆಯ ವರ್ಷ ಪಾವನಾ ಬಸುರಿಯಾದಳು. ಸಮೀರನಿಗೆ ಹೇಳಿದಳು. ಅವನು ಹಲ್ಲುಜ್ಜುವ ಮೊದಲೇ ಅಮ್ಮನಿಗೆ ಹೇಳಿದ.

ಬೆಳಗಿನ ಕಾಫಿಯ ಹೊತ್ತು. ಜಯಲಕ್ಷ್ಮಿಯವರು ದೇವರ ಮುಂದೆ ತುಪ್ಪದ ದೀಪ ಹಚ್ಚಿ ಬಂದು ಸೊಸೆಯ ಹಣೆಗೆ ಕುಂಕುಮ ಇಟ್ಟರು. ಸಂತೋಷ ನಿಜವಾದದ್ದೇ, ಅದರಲ್ಲಿ ಸುಳ್ಳಿಲ್ಲ.

"ಮೂರು ತಿಂಗಳು ತುಂಬೋ ತನಕ ಯಾರಿಗೂ ಹೇಳಕೂಡದು ಮಾ. ನಿಮ್ಮಮ್ಮನಿಗೆ ಮಾತ್ರ ಹೇಳು. ಅವರೂ ಬಾಯಿ ಬಿಡಕೂಡದು ಅಂತ ಹೇಳ್ಬಿಡು. ನಮ್ಮ ಜನದ ಕಣ್ಣು ಪೊಲ್ಲಾದ ಕಣ್ಣು, ಕೆಟ್ಟ ದೃಷ್ಟಿ."

"ಬೇರೆ ಯಾರಿಗೂ ಹೇಳಲ್ಲ ಅತ್ತೆ. ಸೆಲ್ವಿಗೆ ಮಾತ್ರ ಹೇಳ್ಬೇಕು. ಇನ್ಮೇಲೆ ಎಕ್ಸ್‌ರೇ ಎಲ್ಲಾ ಸಮೀರ್ ತೆಗೀಲಿ."

"ಸೆಲ್ವಿಗೆ ಹೇಳಿದ್ರೆ ಮಾಂಬಲಂ ಸ್ಟೇಷನ್‌ನಲ್ಲಿ ಮೈಕ್ ಹಿಡಿದು ಹೇಳಿದ ಹಾಗೆ."

"ಕೆಲಸ ಮಾಡೋರು ಬಸುರಿ ಅಂತ ಗೊತ್ತಾದ ತಕ್ಷಣ ಹೇಳ್ಬೇಕು ಅಂತ ನಿಯಮಾನೇ ಇದೆ ಅತ್ತೆ."

"ಯಾರಿಗೆ ಹೇಳ್ಬೇಕು?"

"ಕ್ಲಿನಿಕ್ ನಡೆಸೋರಿಗೆ."

"ನಡೆಸೋಳು ನಾನು. ನನಗೆ ಗೊತ್ತಾಯ್ತಲ್ಲ. ಮುಗೀತು."

ಪಾವನಾ ಗಂಡನ ಮುಖ ನೋಡಿದಳು. ಸಮೀರ ಹುಟ್ಟಿ ಬೆಳೆದದ್ದೆಲ್ಲ ಇಲ್ಲೇ. ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ತಮಿಳಿನಲ್ಲಿ ಬರುತ್ತದೆ. "ಅಮ್ಮಾ ಸೊಲ್ರದು ಶರಿದಾನ್. ಕೊಂಜ ನಾಳ್ ತಾನೇ" ಎಂದ. ಅಮ್ಮ ಹೇಳುವುದೇ ಸರಿ, ಸ್ವಲ್ಪ ದಿನ ತಾನೇ. ಯಾವ ಭಾಷೆಯಲ್ಲಿ ಕೇಳಿದರೂ ಸಮೀರನ ಉತ್ತರ ಇದೇ ಆಗಿರುತ್ತಿತ್ತು.

"ನೀನೇ ಬಾಗಿಲು ಹಾಕ್ಸಿದೀಯಲ್ಲ," ಜಯಲಕ್ಷ್ಮಿಯವರು ಮೆತ್ತಗೆ ಹೇಳಿದರು. "ಬಾಗಿಲಾಚೆ ನಿಂತು ಒತ್ತು. ದಿಢೀರ್ ಅಂತ ಎಕ್ಸ್‌ರೇ ತೆಗೆಯೋದನ್ನ ಬಿಟ್ಟುಬಿಟ್ರೆ ತಿಳ್ಕೊಳ್ಳದೆ ಇರೋಕೆ ಸೆಲ್ವಿ ಏನು ದಡ್ಡಿಯಾ? ಆ ಕ್ಷಣಕ್ಕೇ ಗೊತ್ತಾಗಿಬಿಡತ್ತೆ. ನಿಮ್ಮ ಮಾವ ಬೆರಳಲ್ಲೇ ಹಿಡಿದು ಮೂವತ್ತು ವರ್ಷ ತೆಗೆದ್ರು. ಎರಡು ಮಕ್ಕಳು ಹುಟ್ಟಲಿಲ್ವಾ? ಒಣ್ಣೂ ಆಗಾದು."

ಬಾಗಿಲಾಚೆ ನಿಂತರೆ ಏನೂ ಆಗುವುದಿಲ್ಲ ಎನ್ನುವುದು ಪಾವನಾಗೂ ಗೊತ್ತಿತ್ತು. ಅದಕ್ಕಾಗಿಯೇ ಬಾಗಿಲು ಹಾಕಿಸಿದವಳು ಅವಳು. ಆದ್ದರಿಂದ ಒಪ್ಪಿದಳು. ಆದರೆ ದಾರಿಯಲ್ಲಿ ಹೋಗುವ ಯಾವಳೋ ಹೆಂಗಸು ಬಂದರೆ ಬಸುರಿಯೇ ಎಂದು ಕೇಳಿ ಅವಳ ಮೇಲೆ ಸೀಸದ ಏಪ್ರನ್ ಹೊದಿಸುವ ಕ್ಲಿನಿಕ್ಕಿನಲ್ಲಿ ತಾನು ಮಾತ್ರ ಬಾಯಿ ಮುಚ್ಚಿಕೊಂಡಿರಬೇಕು. ಇದು ನ್ಯಾಯವಲ್ಲ ಎಂದು ಅವಳಿಗೆ ಅನಿಸಿತು. ನ್ಯಾಯವಲ್ಲದ ಅನೇಕ ಸಂಗತಿಗಳ ಜೊತೆ ಸೊಸೆಯರು ಹೇಗೋ ಹೊಂದಿಕೊಳ್ಳುತ್ತಾರೆ. ಪಾವನಾ ಕೂಡ ಹೊಂದಿಕೊಂಡಳು.

ಹೀಗಿರುವಾಗ ಸುಂದರಾಬಾಯಿ ಬಂದರು.

ಸುಂದರಾಬಾಯಿ ಜಯಲಕ್ಷ್ಮಿಯವರ ಗಂಡನ ದೊಡ್ಡಪ್ಪನ ಮಗಳು. ಪಶ್ಚಿಮ ಮಾಂಬಲದಲ್ಲಿ ಮನೆ. ಮಾಂಬಲದಿಂದ ತಿರುವಲ್ಲಿಕೇಣಿಯವರೆಗೆ ಯಾವ ಮಾಧ್ವ ಮನೆಯಲ್ಲಿ ಯಾರಿಗೆ ಮದುವೆ ತಪ್ಪಿತು, ಯಾರಿಗೆ ಬಸಿರು ನಿಂತಿತು ಎಂಬ ಸುದ್ದಿಗೆ ಅವರೇ ತವರು. ಜಯಲಕ್ಷ್ಮಿಯವರು 'ಪೊಲ್ಲಾದ ಕಣ್ಣು' ಎನ್ನುವಾಗ ಅವರ ಮನಸ್ಸಿನಲ್ಲಿದ್ದದ್ದು ಈ ಕಣ್ಣೇ. ಎದುರಿಗೆ ಮಾತ್ರ ಅತ್ತಿಗೆ, ಅತ್ತಿಗೆ ಎಂದು ಬೆಲ್ಲ ಸುರಿಯುತ್ತಿದ್ದರು.

ಮುದುಕಿಗೆ ಕೆಳಗಿನ ಹಲ್ಲು ನೋವು. ಜೊತೆಗೆ ಕೈ, ತಲೆ, ದವಡೆ ಎಲ್ಲವೂ ನಡುಗುವ ಕಾಯಿಲೆ. ಹಿಡಿಕೆಯನ್ನು ಕಚ್ಚಿ ಹಿಡಿಯುವುದು ಅವರಿಂದ ಆಗುತ್ತಿರಲಿಲ್ಲ, ಮತ್ತೆಮತ್ತೆ ಜಾರಿ ಬೀಳುತ್ತಿತ್ತು. ಸಮೀರ ಪಾಠ ಮಾಡಲು ಕಾಲೇಜಿಗೆ ಹೋಗಿದ್ದ. ಸೆಲ್ವಿ ಅಕ್ಕನ ಮಗುವಿನ ಕಿವಿ ಚುಚ್ಚುವ ಶಾಸ್ತ್ರಕ್ಕೆ ರಜೆ ಹಾಕಿದ್ದಳು.

"ನಿಮ್ಮ ಡ್ರೈವರನ್ನ ಕರೀರಿ," ಪಾವನಾ ಹೇಳಿದಳು. "ಏಪ್ರನ್, ಗ್ಲೌಸ್ ಹಾಕಿ ಅವರ ಕೈಲಿ ಹಿಡಿಸೋಣ. ಅರೆಕ್ಷಣದ ಕೆಲಸ."

"ಡ್ರೈವರ್ ಕೈ ನನ್ನ ಬಾಯಿಗಾ?" ಸುಂದರಾಬಾಯಿ ಕೇಳಿದರು.

"ಗ್ಲೌಸ್ ಇರತ್ತೆ."

"ಗ್ಲೌಸ್ ಒಳಗೆ ಇರೋದು ಅವನ ಕೈ ತಾನೇ ಮಾ? ನಾನು ಇವತ್ತು ಏಕಾದಶಿ."

"ಹಾಗಾದ್ರೆ ಅತ್ತೆ, ನೀವು ಹಿಡೀರಿ," ಎಂದು ಪಾವನಾ ಜಯಲಕ್ಷ್ಮಿಯವರ ಕಡೆ ತಿರುಗಿದಳು. ಅರವತ್ತು ದಾಟಿದ ಹೆಂಗಸು, ಅವರು ಹಿಡಿದರೆ ಯಾರ ಗಂಟೂ ಹೋಗುವುದಿಲ್ಲ.

"ನನಗೆ ಎಲ್ಲಿ ಹಿಡೀಬೇಕು, ಏನು ಅಂತ ತಿಳಿಯತ್ತಾ? ನೀನೇ ಹಿಡಿ. ಬಟನ್ ನಾನು ಒತ್ತುತೀನಿ."

ಪಾವನಾ ಹ್ಯಾಂಗರಿನಲ್ಲಿದ್ದ ಸೀಸದ ಏಪ್ರನ್ನಿಗೆ ಕೈ ಹಾಕಿದಳು. ಅಷ್ಟರಲ್ಲಿ ಸುಂದರಾಬಾಯಿಯ ನಡುಗುವ ತಲೆ ಒಂದು ಕ್ಷಣ ನಿಂತಿತು.

"ನಿನಗೆ ಯಾಕೆ ಮಾ ಕವಚ? ನಿಮ್ಮ ಮಾವ ಒಂದು ದಿನ ಹಾಕ್ಕೊಂಡದ್ದು ನಾನು ಕಾಣೆ." ಆಮೇಲೆ ದನಿ ತಗ್ಗಿಸಿ ಜಯಲಕ್ಷ್ಮಿಯವರನ್ನು ಕೇಳಿದರು. "ಏನು ಜಯಾ, ವಿಶೇಷವಾ?"

"ವಿಶೇಷ ಎಲ್ಲಾ ಒಣ್ಣೂ ಇಲ್ಲ ಅತ್ತಿಗೆ. ಅದು ನಿಮಗೇ ಅಂತ ತಂದಳು." ಜಯಲಕ್ಷ್ಮಿಯವರು ಸೊಸೆಯ ಕೈಯಿಂದ ಏಪ್ರನ್ ಕಿತ್ತುಕೊಂಡು, ಎಪ್ಪತ್ತೆಂಟು ವರ್ಷದ ಆ ಮುದುಕಿಯ ಹೊಟ್ಟೆಯ ಮೇಲೆ ಅಚ್ಚುಕಟ್ಟಾಗಿ ಹೊದಿಸಿದರು. ಕ್ಲಿನಿಕ್ಕಿನಲ್ಲಿ ಇದ್ದದ್ದು ಒಂದೇ ಏಪ್ರನ್.

ನಾನು ಬಸುರಿ, ಹಿಡಿಯುವುದಿಲ್ಲ ಎಂದು ಪಾವನಾ ಹೇಳಬಹುದಿತ್ತು. ಹೇಳಬೇಕಿತ್ತು. ಹೇಳಿದ್ದರೆ ಸಂಜೆಯೊಳಗೆ ಮಾಂಬಲಕ್ಕೆಲ್ಲ ಗೊತ್ತಾಗುತ್ತಿತ್ತು, ಮುಂದೆ ಏನೇ ಆದರೂ ಬಾಯಿ ಬಿಟ್ಟ ಸೊಸೆಯ ತಪ್ಪಾಗುತ್ತಿತ್ತು. ಅವಳು ಅತ್ತೆಯ ಕಣ್ಣು ನೋಡಿದಳು. ಆ ಕಣ್ಣು ಎಚ್ಚರಿಕೆ ಕೊಡುತ್ತಿತ್ತು, ಬೇಡುತ್ತಿರಲಿಲ್ಲ. ಪಾವನಾ ಮೈಯನ್ನು ಆದಷ್ಟು ಆಚೆ ತಿರುಗಿಸಿ, ತೋಳು ಚಾಚಿ, ಮುದುಕಿಯ ಬಾಯಲ್ಲಿ ಸೆನ್ಸರನ್ನು ಬೆರಳಿನಿಂದ ಒತ್ತಿ ಹಿಡಿದಳು. ಜಯಲಕ್ಷ್ಮಿಯವರು ಹೊರಗೆ ಹೋಗಿ ಸೀಸದ ಬಾಗಿಲು ಎಳೆದುಕೊಂಡು ಬಟನ್ ಒತ್ತಿದರು.

ಮೊದಲ ಚಿತ್ರ ಅಲುಗಿಹೋಗಿತ್ತು. ಇನ್ನೊಮ್ಮೆ ಒತ್ತಿದರು.

ಹಲ್ಲಿನ ಎಕ್ಸ್‌ರೇಯ ಕಿರಣ ತೀರ ಕಡಿಮೆ, ಪಕ್ಕದಲ್ಲಿ ನಿಂತವರ ಗರ್ಭಕ್ಕೆ ತಲುಪುವುದಂತೂ ಇಲ್ಲವೆನ್ನುವಷ್ಟು. ಪಾವನಾ ಇದನ್ನು ಪರೀಕ್ಷೆಯಲ್ಲಿ ಬರೆದು ಪಾಸಾದವಳು. ಆದರೆ ಅವಳನ್ನು ಕೊರೆದದ್ದು ಕಿರಣವಲ್ಲ. ತಾನು ಒಳಗೆ, ಅತ್ತೆ ಬಾಗಿಲಾಚೆ. ಒಣ್ಣೂ ಆಗಾದು ಎಂದು ನಿಜವಾಗಿ ನಂಬಿದವರಾದರೆ ಬಾಗಿಲನ್ನು ಅಷ್ಟು ಬಿಗಿಯಾಗಿ ಯಾಕೆ ಎಳೆದುಕೊಂಡರು ಎಂದು ಅವಳು ರಾತ್ರಿ ಸಮೀರನನ್ನು ಕೇಳಿದಳು. "ಓವರ್ ಥಿಂಕ್ ಪಣ್ಣಾದೆ," ಅತಿಯಾಗಿ ಯೋಚಿಸಬೇಡ ಎಂದು ಅವನು ಮಗ್ಗುಲಾದ.

ಮರುವಾರ ರಕ್ತ ಕಂಡಿತು. ಆಸ್ಪತ್ರೆಯಲ್ಲಿ ಸ್ಕ್ಯಾನ್ ಮಾಡಿದ ಹೆರಿಗೆ ಡಾಕ್ಟರು, ಮಗು ಬೆಳೆಯುವುದು ಮೊದಲೇ ನಿಂತುಹೋಗಿದೆ ಎಂದರು. ಪಾವನಾ ಮೊದಲು ಕೇಳಿದ್ದು ಎಕ್ಸ್‌ರೇ ವಿಷಯವನ್ನೇ. ಡಾಕ್ಟರು ವಯಸ್ಸಾದ ತಮಿಳು ಹೆಂಗಸು, ಒರಟು ಮಾತು, ಒಳ್ಳೆಯ ಮನಸ್ಸು. ಕುರ್ಚಿ ಎಳೆದುಕೊಂಡು ಕೂತು ಬಿಡಿಸಿ ಹೇಳಿದರು. ಎಕ್ಸ್‌ರೇಗೂ ಇದಕ್ಕೂ ಸಂಬಂಧವಿಲ್ಲ. ಮಗು ಗರ್ಭದಲ್ಲಿ ಮೂಡುವಾಗಲೇ ಎಲ್ಲೋ ತಪ್ಪಾಗಿರುತ್ತದೆ, ಅಂಥದ್ದು ನಿಲ್ಲುವುದಿಲ್ಲ, ಎಷ್ಟೋ ಹೆಂಗಸರಿಗೆ ಹೀಗಾಗುತ್ತದೆ, ಮುಂದಿನದು ನಿಲ್ಲುತ್ತದೆ. ಜಯಲಕ್ಷ್ಮಿಯವರು ಹಾಸಿಗೆಯ ಪಕ್ಕದಲ್ಲೇ ನಿಂತು ಪ್ರತಿ ಮಾತನ್ನೂ ಕೇಳಿಸಿಕೊಂಡರು, ತಲೆಯಾಡಿಸಿದರು ಕೂಡ.

ಮನೆಗೆ ಬಂದ ಮೂರನೆಯ ದಿನ ಪಾವನಾ ನೀರು ಕುಡಿಯಲು ಅಡುಗೆಮನೆಗೆ ಹೋದಾಗ ಅತ್ತೆ ಹಾಲಿನಲ್ಲಿ ಫೋನಿನಲ್ಲಿದ್ದರು. ಆ ಕಡೆ ಇದ್ದವರು ಸುಂದರಾಬಾಯಿ ಎಂದು ಮಾತಿನಿಂದಲೇ ಗೊತ್ತಾಗುತ್ತಿತ್ತು.

"ಏನು ಮಾಡೋದು ಅತ್ತಿಗೆ. ಎಕ್ಸ್‌ರೇ ಹತ್ರ ಹೋಗಬೇಡ ಮಾ ಅಂತ ಬಡ್ಕೊಂಡೆ. ಕೇಳಿದ್ರೆ ತಾನೇ? ಓದಿದ ಹುಡುಗಿ. ನಮ್ಮ ಹತ್ರಾನೂ ಮುಚ್ಚಿಟ್ಟಿದ್ದಳು. ಅದಕ್ಕೇ ಹೋಯ್ತು."

ಪಾವನಾ ಲೋಟ ಕೆಳಗಿಟ್ಟಳು. ಫೋನ್ ಮುಗಿಯುವ ತನಕ ಬಾಗಿಲಲ್ಲೇ ನಿಂತಳು.

"ಯಾಕೆ ಅತ್ತೆ ಹಾಗೆ ಹೇಳಿದ್ರಿ? ನೀವೇ ಹಿಡಿ ಅಂದ್ರಿ. ಅದರಿಂದ ಅಲ್ಲ ಅಂತ ಡಾಕ್ಟರ್ ಹೇಳಿದ್ದು ನೀವೇ ಕೇಳಿದ್ರಿ."

ಜಯಲಕ್ಷ್ಮಿಯವರಿಗೆ ನಾಚಿಕೆಯಾಗಲಿಲ್ಲ, ಆಶ್ಚರ್ಯವಾಯಿತು. "ನಿನ್ನ ಒಳ್ಳೇದಕ್ಕೇ ಹೇಳಿದೆ ಮಾ. ಕಾರಣ ಏನೂ ಇಲ್ಲ ಅಂದ್ರೆ ಜನ ಏನಂತಾರೆ? ಹುಡುಗಿ ಹೊಟ್ಟೇಲೇ ದೋಷ ಅಂತಾರೆ. ಅಜಾಗ್ರತೆ ಅಂದ್ರೆ ಒಂದು ದಿನ ಬೈದು ಸುಮ್ಮನಾಗ್ತಾರೆ. ನಾನು ನಿನ್ನ ಮಾನ ಕಾಪಾಡಿದೀನಿ."

ಜನ ಒಂದು ದಿನಕ್ಕೆ ಸುಮ್ಮನಾಗಲಿಲ್ಲ. ಸುಂದರಾಬಾಯಿಯವರ ಬಾಯಿ ಸೇರಿದ ಮೇಲೆ ಸುದ್ದಿಗೆ ಕೈಕಾಲು ಬೆಳೆದವು. ಡಾಕ್ಟರಾಗಿ ಸ್ವಂತ ಮಗುವನ್ನೇ ಸುಟ್ಟುಕೊಂಡಳು ಎಂದು ಒಬ್ಬಾಕೆ ಮಠದ ಆರಾಧನೆಯಲ್ಲಿ, ಊಟದ ಪಂಕ್ತಿಯಲ್ಲಿ ಅವಳ ಕಿವಿಗೆ ಬೀಳುವಂತೆಯೇ ಹೇಳಿದಳು. ಸೀಮಂತಗಳಿಗೆ ಕರೆಯುವುದು ನಿಂತಿತು. ಪಾವನಾ ಸಮೀರನನ್ನು ಬೇಡಿದ್ದು ಒಂದೇ. ಒಬ್ಬರ ಎದುರಿಗಾದರೂ ಸರಿ, ಅದು ನಿಜವಲ್ಲ ಎಂದು ನಿಮ್ಮಮ್ಮ ಹೇಳಲಿ. ಸಮೀರ ಕೇಳುತ್ತೇನೆ ಎಂದ. ಹಾಗೆ ಹೇಳಿ ಅವನು ಇವತ್ತಿಗೂ ಕೇಳಿಲ್ಲ.

ಆ ದಿನಗಳಲ್ಲಿ ಅವಳ ಪಕ್ಕ ಬಂದು ಕೂತವಳು ಸಮೀರನ ಅಕ್ಕ ವೃಂದಾ ಒಬ್ಬಳೇ. ಅಣ್ಣಾನಗರದಿಂದ ಮೆಟ್ರೋದಲ್ಲಿ ಮೆಣಸಿನ ಸಾರು ಹೊತ್ತು ತರುತ್ತಿದ್ದಳು. ಸಮಾಧಾನದ ಮಾತು ಒಂದೂ ಆಡದೆ, ತಟ್ಟೆ ಖಾಲಿಯಾಗುವವರೆಗೆ ಕೂತು ಹೋಗುತ್ತಿದ್ದಳು. ವೃಂದಾಗೆ ಮದುವೆಯಾಗಿ ಹತ್ತು ವರ್ಷ, ಮಕ್ಕಳಿಲ್ಲ. ಚುಚ್ಚುಮದ್ದು ಚುಚ್ಚಿಸಿಕೊಂಡು ಚುಚ್ಚಿಸಿಕೊಂಡು ಹೊಟ್ಟೆಯ ಮೇಲೆ ಜಾಗವಿಲ್ಲ ಎಂದು ಅವಳೇ ನಗುತ್ತಿದ್ದಳು. ಆಮೇಲೆ ಅವಳು ಬರುವುದು ನಿಂತಿತು. ಕೆಲಸ ಜಾಸ್ತಿ ಇರಬೇಕು ಎಂದು ಪಾವನಾ ತಿಳಿದಳು.

ಆರೇಳು ತಿಂಗಳು ಕಳೆದಿರಬೇಕು. ಒಂದು ಬೆಳಿಗ್ಗೆ ಜಯಲಕ್ಷ್ಮಿಯವರು ವೃಂದಾಳನ್ನು ಕೈ ಹಿಡಿದು ಕ್ಲಿನಿಕ್ಕಿಗೆ ಕರೆತಂದರು. ಅವಳ ಎಡಗೆನ್ನೆ ಊದಿ ಕಣ್ಣು ಅರ್ಧ ಮುಚ್ಚಿತ್ತು, ಮೈ ಕಾಯುತ್ತಿತ್ತು. ಸಮೀರನೇ ನೋಡಬೇಕೆಂದು ಫೋನ್ ಮಾಡಿದರೆ ಅವನು ಕಾಲೇಜಿನ ಪರೀಕ್ಷೆಯಲ್ಲಿ ಸಿಕ್ಕಿಕೊಂಡಿದ್ದ. ಹೊರಗಿನ ಬೆಂಚಿನ ಮೇಲೆ, ಕಟ್ಟಿಸಿಕೊಂಡ ಹಲ್ಲುಸೆಟ್ಟು ಒತ್ತುತ್ತದೆಂದು ಬಂದ ಸುಂದರಾಬಾಯಿ ಆಗಲೇ ಕೂತಿದ್ದರು. ನಡುವೆ ಇದ್ದದ್ದು ಬಟ್ಟೆಯ ಪರದೆ.

ಪಾವನಾ ಬಾಯಿ ನೋಡಿದಳು. ದವಡೆ ಹಲ್ಲಿನ ಬುಡದಲ್ಲಿ ಕೀವು. ಪಕ್ಕದ ಹಲ್ಲೂ ಕೆಟ್ಟಿತ್ತು, ಯಾವುದರಿಂದ ಎಂದು ಕಣ್ಣಿಗೆ ತಿಳಿಯುವಂತಿರಲಿಲ್ಲ.

"ಒಂದು ಎಕ್ಸ್‌ರೇ ತೆಗೆದುಬಿಡ್ತೀನಿ ಅಕ್ಕ."

"ಎಕ್ಸ್‌ರೇ ವೇಣ್ಡಾಂ," ಎಂದರು ಜಯಲಕ್ಷ್ಮಿಯವರು. ಆತುರಕ್ಕೆ ತಮಿಳೇ ಬಂದುಬಿಟ್ಟಿತು. "ಸುಮ್ಮನೆ ನೋಡಿ ಮಾಡು."

"ನೋಡಿ ಮಾಡಿದ್ರೆ ಚೆನ್ನಾಗಿರೋ ಹಲ್ಲು ಕೊರೆದುಬಿಡಬಹುದು ಅತ್ತೆ. ಯಾಕೆ ಬೇಡ?"

"ಬೇಡ ಅಂದ್ರೆ ಬೇಡ."

ಪಾವನಾ ವೃಂದಾಳ ಕಡೆ ತಿರುಗಿ, ದಿನಕ್ಕೆ ಹತ್ತು ಸಲ ಕೇಳುವ ಪ್ರಶ್ನೆಯನ್ನು ಕೇಳಿದಳು. "ಅಕ್ಕ, ಬಸುರಿ ಏನಾದ್ರೂ ಇದೀರಾ?"

ವೃಂದಾ ಅಮ್ಮನ ಮುಖ ನೋಡಿದಳು. ಜಯಲಕ್ಷ್ಮಿಯವರು ಪರದೆಯ ಕಡೆ ನೋಡಿದರು. "ಅದೆಲ್ಲ ಏನೂ ಇಲ್ಲ," ಎಂದು ಜೋರಾಗಿ ಹೇಳಿದರು. ವೃಂದಾಳ ಎರಡೂ ಕೈ ಮಾತ್ರ ತಾವಾಗಿಯೇ ಹೋಗಿ ಹೊಟ್ಟೆಯ ಮೇಲೆ ಕೂತವು.

ಪಾವನಾಗೆ ತಿಳಿಯಿತು. ಮೊದಲು ಅವಳಿಗೆ ಆದದ್ದು ಸಂತೋಷವೇ. ಹತ್ತು ವರ್ಷದ ಆಸೆ, ಪುಣ್ಯಾತ್ಮಳು. ಬಗ್ಗಿ ಪಿಸುದನಿಯಲ್ಲಿ ಕೇಳಿದಳು. "ನನಗೆ ಯಾಕೆ ಹೇಳಲಿಲ್ಲ ಅಕ್ಕ? ಸಮೀರ್‌ಗೆ ಗೊತ್ತಾ?"

ವೃಂದಾ ಹೌದೆಂದು ತಲೆಯಾಡಿಸಿದಳು. ಕಣ್ಣಲ್ಲಿ ನೀರು ಬಂತು. "ನಿನಗೆ ಮಾತ್ರ ಬೇಡ ಅಂದಳು ಅಮ್ಮ. ನಿನಗೆ ಹೋಗಿದೆಯಲ್ಲ... ನಿನ್ನ ಕಣ್ಣು ಬೀಳಬಾರದು ಅಂತ... ನಾನು ನಂಬಲ್ಲ ಪಾವನಾ. ಆದರೆ ಹೆದರಿಕೆ ಆಯ್ತು."

ಒಂದು ವೇಳೆ ವೃಂದಾ ಸುಳ್ಳು ಹೇಳಿದ್ದರೆ ಮುಂದಿನದು ನಡೆಯುತ್ತಿರಲಿಲ್ಲವೇನೋ. ಅಂದು ಸುಂದರಾಬಾಯಿಯ ಕಣ್ಣಿಗೆ ಹೆದರಿ ಅತ್ತೆ ಪಾವನಾಳ ಬಾಯಿ ಮುಚ್ಚಿಸಿದರು. ಈಗ ಆ ಕೆಟ್ಟ ಕಣ್ಣು ಪಾವನಾಳದೇ ಆಗಿದೆ. ಅವಳು ನೆಟ್ಟಗೆ ನಿಂತು, ಪರದೆಯಾಚೆಗೂ ಕೇಳುವಂತೆ ಹೇಳಿದಳು.

"ಅತ್ತೆ, ಇನ್ನೊಂದ್ಸಲ ಕೇಳ್ತೀನಿ. ವೃಂದಕ್ಕ ಬಸುರಿಯಾ ಅಲ್ವಾ? ಅಲ್ಲ ಅಂದ್ರೆ ಈಗಲೇ ತೆಗೀತೀನಿ. ಹೌದು ಅಂದ್ರೆ ಏಪ್ರನ್ ಹೊದಿಸಿ ತೆಗೀತೀನಿ. ಉತ್ತರ ಕೊಡದೆ ಮಾತ್ರ ಇರೋ ಹಾಗಿಲ್ಲ."

ಸೆಲ್ವಿ ಕೈಯಲ್ಲಿದ್ದ ಹತ್ತಿಯನ್ನು ಹಾಗೇ ಹಿಡಿದು ನಿಂತಳು. ಜಯಲಕ್ಷ್ಮಿಯವರ ಮುಖ ಕಪ್ಪಿಟ್ಟಿತು. "ಹೌದು," ಎಂದರು. "ಎರಡು ತಿಂಗಳು. ಸಾಕಾ?"

ಹೊರಗೆ ಬೆಂಚು ಕಿರ್ರೆಂದಿತು.

ಪಾವನಾ ವೃಂದಾಳನ್ನು ಎಕ್ಸ್‌ರೇ ಕೋಣೆಗೆ ಕರೆದುಕೊಂಡು ಹೋದಳು. ಕೀವು ಹಾಗೇ ಬಿಟ್ಟರೆ ಜ್ವರ ಏರುತ್ತದೆ, ಮಗುವಿಗೆ ಕೆಟ್ಟದ್ದು ಅದು, ಎಕ್ಸ್‌ರೇ ಅಲ್ಲ. ಇದು ನಿಜ. ಏಪ್ರನ್ನನ್ನು ಹೊಟ್ಟೆಯ ಮೇಲೆ ಸರಿಯಾಗಿ ಹೊದಿಸಿದಳು, ಕುತ್ತಿಗೆಗೆ ಸೀಸದ ಪಟ್ಟಿ ಕಟ್ಟಿದಳು, ಕಿರಣವನ್ನು ಆದಷ್ಟು ಕಡಿಮೆಗೆ ಇಟ್ಟಳು, ಯಂತ್ರದ ಮೂತಿಯನ್ನು ಎರಡೆರಡು ಸಲ ನೋಡಿ ಹೊಂದಿಸಿದಳು. ಆ ಕೆಲಸದಲ್ಲಿ ಯಾರೂ ಅವಳ ತಪ್ಪು ಹಿಡಿಯುವಂತಿರಲಿಲ್ಲ. ಜಯಲಕ್ಷ್ಮಿಯವರು ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದರು.

"ಏನೂ ಆಗಲ್ವಾ ಪಾವನಾ?" ವೃಂದಾ ಅವಳ ಕೈ ಹಿಡಿದಳು. "ನಿನಗೆ ಇದರಿಂದಲೇ ಅಲ್ವಾ ಹೋಗಿದ್ದು?"

ಇಲ್ಲ ಅಕ್ಕ, ಇದರಿಂದ ಅಲ್ಲ, ಏನೂ ಆಗುವುದಿಲ್ಲ. ಇಷ್ಟು ಹೇಳಲು ಒಂದು ಉಸಿರು ಸಾಕಿತ್ತು. ಪಾವನಾ ಹೇಳಲಿಲ್ಲ.

"ಹಾಗಂತ ಊರಿಗೆಲ್ಲ ಹೇಳಿದ್ದು ನಿಮ್ಮಮ್ಮ. ಅವರನ್ನೇ ಕೇಳಿ."

ವೃಂದಾ ಅಮ್ಮನ ಕಡೆ ತಿರುಗಿದಳು. ಊದಿದ ಮುಖದಲ್ಲಿ ಒಂದೇ ಕಣ್ಣು ತೆರೆದಿತ್ತು, ಅದರ ತುಂಬ ಭಯ. ಪಾವನಾ ಹಿಡಿಕೆಯನ್ನು ವೃಂದಾಳ ಬಾಯಿಗೆ ಇಟ್ಟು, ಕಚ್ಚಿ ಹಿಡಿಯಲು ಹೇಳಿ, ಅತ್ತೆಯನ್ನು ಹೊರಗೆ ಕರೆದು ಬಾಗಿಲು ಮುಚ್ಚಿದಳು. ಬಟನ್ ಅವಳ ಕೈಯಲ್ಲಿತ್ತು. ಇಬ್ಬರೂ ಭುಜಕ್ಕೆ ಭುಜ ತಾಗುವಂತೆ ನಿಂತಿದ್ದರು. ಗಾಜಿನ ಕಿಂಡಿಯಲ್ಲಿ ವೃಂದಾ ಕಣ್ಣು ಮುಚ್ಚಿ ನಡುಗುತ್ತಿರುವುದು ಕಾಣುತ್ತಿತ್ತು.

"ಒತ್ತು ಮಾ."

"ಮೊದಲು ಸುಂದರಾಬಾಯಿಯವರ ಹತ್ರ ಹೋಗಿ ಹೇಳಿ ಬನ್ನಿ. ನನಗೆ ಎಕ್ಸ್‌ರೇಯಿಂದ ಹೋಗಿದ್ದಲ್ಲ ಅಂತ. ನನ್ನ ಕೈಲಿ ಹಿಡಿಸಿದ್ದು ನೀವು ಅಂತ."

"ಈಗಲಾ? ಅವಳ ಬಾಯಲ್ಲಿ ಅದು ಇದೆ. ನೋವು ಅವಳಿಗೆ."

"ಅದಕ್ಕೇ ಬೇಗ ಹೇಳಿ ಬನ್ನಿ ಅತ್ತೆ."

ಜಯಲಕ್ಷ್ಮಿಯವರು ಸೊಸೆಯನ್ನು ಹೊಸದಾಗಿ ನೋಡುವವರಂತೆ ನೋಡಿದರು. ಕಿಂಡಿಯ ಕಡೆ ನೋಡಿದರು. ಆಮೇಲೆ ಸೆರಗು ಸರಿ ಮಾಡಿಕೊಂಡು ಪರದೆ ಸರಿಸಿ ಹೋದರು. ಅವರ ದನಿ ಸ್ಪಷ್ಟವಾಗಿ ಕೇಳಿಸಿತು, ಬೆಂಚಿನ ಮೇಲಿದ್ದ ಉಳಿದ ರೋಗಿಗಳಿಗೂ ಕೇಳಿಸಿರಬೇಕು.

"ಅತ್ತಿಗೆ, ಒಂದು ವಿಷಯ. ನಮ್ಮ ಪಾವನಾದು ಎಕ್ಸ್‌ರೇಯಿಂದ ಹೋಗಿದ್ದಲ್ಲ. ಅವತ್ತು ನಿಮಗೆ ಹಿಡಿ ಅಂದವಳೂ ನಾನೇ. ಡಾಕ್ಟರಮ್ಮ ಆಗಲೇ ಹೇಳಿದ್ರು, ಅದರಿಂದ ಅಲ್ಲ ಅಂತ." ಇಲ್ಲಿಗೆ ನಿಲ್ಲಿಸಬಹುದಿತ್ತು. ಅವರು ಜಯಲಕ್ಷ್ಮಿ, ನಿಲ್ಲಿಸಲಿಲ್ಲ. "ಅವಳ ಹೊಟ್ಟೇಲಿ ನಿಲ್ಲಲ್ಲ. ಅಷ್ಟೇ. ಹುಡುಗಿ ಮನಸ್ಸು ನೋಯತ್ತೆ ಅಂತ ಇಷ್ಟು ದಿನ ಮುಚ್ಚಿಟ್ಟಿದ್ದೆ."

"ಅಯ್ಯೋ ಪಾವಂ, ಪಾಪ," ಎಂದರು ಸುಂದರಾಬಾಯಿ. ಅವರ ದನಿಯಲ್ಲಿ ಹಬ್ಬದೂಟ ಕಂಡವರ ತೃಪ್ತಿಯಿತ್ತು.

ಪಾವನಾ ಬಟನ್ ಹಿಡಿದು ನಿಂತೇ ಇದ್ದಳು. ಇಷ್ಟು ತಿಂಗಳು ಯಾವ ಮಾತಿಗಾಗಿ ಕಾದಿದ್ದಳೋ ಅದು ಸಿಕ್ಕಿತ್ತು. ಹತ್ತು ಜನರ ಮುಂದೆ, ಅತ್ತೆಯ ಬಾಯಿಂದಲೇ. ಅದರ ಜೊತೆಗೆ ಬಂದ ಇನ್ನೊಂದು ಮಾತು ನಾಳೆಯೊಳಗೆ ಮಾಂಬಲ ದಾಟಿ ತಿರುವಲ್ಲಿಕೇಣಿ ತಲುಪುತ್ತದೆ. ಅದನ್ನು ವಾಪಸು ತರುವುದು ಯಾರಿಂದಲೂ ಸಾಧ್ಯವಿಲ್ಲ. ಅವಳಿಗೆ ಅಳು ಬರಲಿಲ್ಲ. ಬಂದದ್ದು ಸಿಟ್ಟು, ಅದಕ್ಕೆ ಇಳಿಯಲು ಒಂದು ಜಾಗ ಬೇಕಿತ್ತು. ಜಯಲಕ್ಷ್ಮಿಯವರು ವಾಪಸು ಬಂದು ಪಕ್ಕದಲ್ಲಿ ನಿಂತರು. ಅವಳು ಬಟನ್ ಒತ್ತಿದಳು. ಯಂತ್ರ ಕೀ ಎಂದಿತು.

ಒಳಗೆ ಹೋಗಿ ಹಿಡಿಕೆ ತೆಗೆದಳು. ವೃಂದಾ ಅವಳ ಮಣಿಕಟ್ಟನ್ನು ಎರಡು ಕೈಯಲ್ಲೂ ಹಿಡಿದುಕೊಂಡಳು. ಪರದೆಯಾಚೆಯ ಮಾತು ಅವಳಿಗೆ ಕೇಳಿಸಿರಲಿಲ್ಲ, ಬಾಗಿಲು ಅಷ್ಟು ಗಟ್ಟಿಯಾಗಿ ಮಾಡಿಸಿದ್ದು.

"ಪಾವನಾ, ಅಮ್ಮನ್ನ ಬಿಡು. ನೀನು ಹೇಳಿದ್ರೆ ನಂಬ್ತೀನಿ. ಏನೂ ಆಗಲ್ಲ ತಾನೇ?"

ಮೆಣಸಿನ ಸಾರಿನ ಪಾತ್ರೆ ಹೊತ್ತು ಬರುತ್ತಿದ್ದ ಕೈ ಅದು. ಪಾವನಾಗೆ ಅದು ನೆನಪಿಗೆ ಬಂತು. ಬಾಗಿಲಲ್ಲಿ ಜಯಲಕ್ಷ್ಮಿಯವರು ನಿಂತಿದ್ದರು. ಹೇಳು ಮಾ, ಹೇಳಿಬಿಡು ಎಂದು ಅವರ ಮುಖ ಬೇಡುತ್ತಿತ್ತು. ಆ ಮುಖ ಬೇಡುವುದನ್ನು ಪಾವನಾ ಮೊದಲ ಸಲ ನೋಡುತ್ತಿದ್ದಳು. ನೋಡಲು ಹಿತವಾಗಿತ್ತು. ಏಳು ತಿಂಗಳು ಇವರು ತನ್ನನ್ನು ಇಟ್ಟ ಜಾಗದಲ್ಲಿ, ಮಗು ಹುಟ್ಟುವ ತನಕ ಇವರೂ ಇರಲಿ.

ಅವಳು ಮಣಿಕಟ್ಟನ್ನು ಮೆಲ್ಲಗೆ ಬಿಡಿಸಿಕೊಂಡು ಕಂಪ್ಯೂಟರಿನ ಕಡೆ ತಿರುಗಿದಳು. ಹಿಂದಿನ ಹಲ್ಲಿನ ಬೇರಿನ ತುದಿಯಲ್ಲಿ ಕೀವು ಕಟ್ಟಿದ್ದು ಕಾಣುತ್ತಿತ್ತು.

"ಚಿತ್ರ ತುಂಬಾ ಚೆನ್ನಾಗಿ ಬಂದಿದೆ ಅಕ್ಕ," ಎಂದಳು.